ಕುರ್ಚಿ ತಿರುಗಿಸಿಕೊಡುವ ಏಜೆಂಟನಿಗೆ ಒಂದು ಪೈಸೆ ಕೊಡಬೇಡ ಅಣ್ಣ

ಐಂಡ್‌ಹೋವನ್
ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ ಶಾಂತಾಳ ನಮಸ್ಕಾರಗಳು.

ನಾವು ಇಲ್ಲಿ ಕ್ಷೇಮ. ಅವ್ವ, ವೈನಿ, ಮಕ್ಕಳು, ದನಕರು ಎಲ್ಲ ಅಲ್ಲಿ ಕ್ಷೇಮ ಅಂತ ತಿಳಿದಿದ್ದೇನೆ. ನಿನ್ನ ಪತ್ರ ಓದಿದೆ. ನಿನ್ನ ಮಗಳು ದಾನಿ ಅದರ ಫೋಟೋ ಹೊಡೆದು ಕಳಿಸಿದ್ದಳು. ದುಡ್ಡಿನ ಮಾತು ಇರುವ ಸಾಲಿನ ಮೇಲೇ ಅವಳ ಹೆಬ್ಬೆಟ್ಟು ಅಡ್ಡ ಬಂದಿತ್ತು. ಬೇಕಂತಲೇ ಇಟ್ಟಳೋ ಏನೋ. ಆದರೂ ಓದಿಕೊಂಡೆ. 1 ಲಕ್ಷ 80 ಸಾವಿರ.

ಫೋನ್ ಮಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀಯ. ಅವ್ವ ಒಂದು ಕಡೆ, ಬಸು ಕಾಕಾ ಒಂದು ಕಡೆ ಮಾತಾಡುತ್ತಾರೆ. ನೀನು ಎಲ್ಲದಕ್ಕೂ ಹೂಂ ಹೂಂ ಅಂದು ಕಡೆಗೆ ನಿನಗೆ ಬೇಕಾದದ್ದನ್ನೇ ಮಾಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮೊದಲು ಒಬ್ಬನೇ ಓದು. ಅವ್ವನಿಗೆ ಆಮೇಲೆ ಕೊನೆಯ ಪುಟ ಮಾತ್ರ ಓದಿ ಹೇಳು.

ನೀನು ಬರೆದದ್ದು ನಾನು ಸರಿಯಾಗಿ ತಿಳಿದುಕೊಂಡಿದ್ದೇನಾ ನೋಡು. ಕಾಕಾನ ಪರಿಚಯದವನೊಬ್ಬ ಬೆಳಗಾವಿಯಲ್ಲಿ ಇದ್ದಾನೆ. ಅವನಿಗೆ ಟಿವಿಯವರೆಲ್ಲ ಗೊತ್ತು. ಹಾಡು ಹಿಡಿಸಿದರೆ ಕುರ್ಚಿ ತಿರುಗಿಸುವ ಆ ಟಿವಿ ಹಾಡಿನ ಸ್ಪರ್ಧೆ ಇದೆಯಲ್ಲ, ದಾನಿಯನ್ನು ನೇರವಾಗಿ ಅದರ ಬ್ಲೈಂಡ್ ಆಡಿಷನ್‌ಗೆ ಕಳಿಸುತ್ತಾನೆ. ನಾಲ್ಕರಲ್ಲಿ ಎರಡು ಕುರ್ಚಿ ತಿರುಗುವುದು ಗ್ಯಾರಂಟಿ. ಅದಕ್ಕೆ ಮೊದಲು ಮುಂಬೈಯಲ್ಲಿ ಹದಿನೈದು ದಿನ ಟ್ರೇನಿಂಗ್, ಮನೆಯವರು ಜೊತೆಗೆ ಬರುವ ಹಾಗಿಲ್ಲ. ಹತ್ತನೇ ತಾರೀಖಿನ ಒಳಗೆ ಆ 1 ಲಕ್ಷ 80 ಸಾವಿರದಲ್ಲಿ ಅರ್ಧ ದುಡ್ಡು ಅವನಿಗೆ ಮುಂಗಡ. ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ, ಹಾಗಾಗಿ ವೈನಿಯ ಬೋರಮಾಳ ಒತ್ತೆ ಇಡುವುದು. ಇಷ್ಟೇ ತಾನೆ?

ಅಣ್ಣ, ನಾನಿರುವುದು ಯಾವ ದೇಶದಲ್ಲಿ ಅಂತ ನೆನಪು ಮಾಡಿಕೋ. ಆ ಕುರ್ಚಿ ತಿರುಗುವ ಆಟ ಹುಟ್ಟಿದ್ದೇ ನೆದರ್‌ಲ್ಯಾಂಡ್ಸ್‌ನಲ್ಲಿ. ಜಾನ್ ಡಿ ಮೋಲ್ ಅನ್ನುವವರು ಶುರು ಮಾಡಿದ್ದು. ‘ದಿ ವಾಯ್ಸ್ ಆಫ್ ಹಾಲೆಂಡ್’ ಅಂತ ಹೆಸರು. ಮೊದಲ ಕಂತು ಬಂದದ್ದು 2010ರ ಸೆಪ್ಟೆಂಬರ್ 17, ಶುಕ್ರವಾರ. ಮರುವರ್ಷ ಅಮೆರಿಕದವರು ತೆಗೆದುಕೊಂಡರು, ಅದಾದ ಮೇಲೆ ಇಂಗ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾ, ಎಲ್ಲ ಕಡೆ ಹಬ್ಬಿತು. ಇಲ್ಲಿ ಟಿವಿಯವರ ಊರು ಅಂದರೆ ಹಿಲ್ವರ್ಸಮ್. ನಮ್ಮ ಮನೆಯಿಂದ ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. ಪಕ್ಕದ ಮನೆಯ ಅಜ್ಜಿ ಅದರ ಶೂಟಿಂಗ್‌ಗೆ ಪ್ರೇಕ್ಷಕಳಾಗಿ ಹೋಗಿ ಬಂದವಳು. ನಿನ್ನ ಪತ್ರ ಬಂದ ಮೇಲೆ ಅವಳ ಹತ್ತಿರ ಹೋಗಿ ಕೂತು ಎಲ್ಲ ಕೇಳಿ ತಿಳಿದುಕೊಂಡೆ. ಹೋದೆ ಅಂದರೆ ಸುಮ್ನೆ ಬಾಗಿಲು ಬಡಿದು ಹೋಗಲಿಲ್ಲ ಮತ್ತೆ. ಇಲ್ಲಿ ಪಕ್ಕದ ಮನೆಗೆ ಹೋಗಬೇಕಾದರೂ ಮೊದಲೇ ಕೇಳಿ ದಿನ, ಗಂಟೆ ಗೊತ್ತು ಮಾಡಿಕೊಳ್ಳಬೇಕು. ನನಗೆ ಸಿಕ್ಕಿದ್ದು ನಾಲ್ಕು ದಿನ ಬಿಟ್ಟು, ಸಂಜೆ ಏಳೂವರೆಗೆ. ಕಾಫಿ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿ ಮುಚ್ಚಿದಳು. ಆದರೆ ಮಾತಿಗೆ ಮಾತ್ರ ಜಿಪುಣತನ ಇಲ್ಲ. ಬಹಳ ಒಳ್ಳೆಯ ಜನ, ಅವ್ವ ಹೆದರಿದ ಹಾಗೆ ಏನೂ ಇಲ್ಲ.

ಈಗ ಕೇಳು. ಹಾಡುವವರು ವೇದಿಕೆ ಮೇಲೆ ಬಂದಾಗ ನಾಲ್ಕು ಕೋಚ್‌ಗಳು ಬೆನ್ನು ಹಾಕಿ ಕೂತಿರುತ್ತಾರೆ. ಹುಡುಗನೋ ಹುಡುಗಿಯೋ, ಕಪ್ಪೋ ಬಿಳುಪೋ, ಯಾವುದೂ ಕಾಣುವುದಿಲ್ಲ. ಧ್ವನಿ ಹಿಡಿಸಿದರೆ ಬಟನ್ ಒತ್ತುತ್ತಾರೆ, ಕುರ್ಚಿ ತಿರುಗುತ್ತದೆ. ಒಬ್ಬರೇ ತಿರುಗಿದರೆ ಅವರ ಟೀಮು. ಇಬ್ಬರು ಮೂವರು ತಿರುಗಿದರೆ ಆಮೇಲೆ ಆರಿಸುವವರು ಹಾಡಿದವರು. ಆಗ ನೋಡಬೇಕು ಆ ದೊಡ್ಡ ದೊಡ್ಡ ಗಾಯಕರು ನನ್ನ ಹತ್ತಿರ ಬಾ, ನನ್ನ ಹತ್ತಿರ ಬಾ ಅಂತ ಅಂಗಲಾಚುವುದನ್ನು, ಬಸ್ ಸ್ಟ್ಯಾಂಡಿನಲ್ಲಿ ಟಂಟಂನವರು ಕರೆದ ಹಾಗೆ.

ಯೋಚನೆ ಮಾಡು. ಯಾರು ಹಾಡುತ್ತಿದ್ದಾರೆ ಅಂತಲೇ ಕಾಣಬಾರದು ಅಂತ ಬೆನ್ನು ಹಾಕಿ ಕೂರಿಸುವುದು. ಅಂಥ ಕಡೆ ‘ಎರಡು ಕುರ್ಚಿ ಗ್ಯಾರಂಟಿ’ ಅಂತ ಈ ಮನುಷ್ಯ ಬೆಳಗಾವಿಯಲ್ಲಿ ಕೂತು ಹೇಗೆ ಹೇಳುತ್ತಾನೆ? ಅದೂ ಅಲ್ಲದೆ ಒಬ್ಬೊಬ್ಬ ಕೋಚ್‌ಗೆ ಇಷ್ಟೇ ಜನ ಅಂತ ಲೆಕ್ಕ ಇರುತ್ತದೆ. ಟೀಮು ತುಂಬಿದ ಮೇಲೆ ಎಷ್ಟೇ ಚಲೋ ಹಾಡಿದರೂ ಆ ಕುರ್ಚಿ ತಿರುಗುವುದಿಲ್ಲ.

ಇನ್ನೊಂದು ವಿಷಯ ನನಗೂ ಗೊತ್ತಿರಲಿಲ್ಲ. ನಾವು ಟಿವಿಯಲ್ಲಿ ನೋಡುವ ಬ್ಲೈಂಡ್ ಆಡಿಷನ್ ಮೊದಲ ಸುತ್ತಲ್ಲ. ಅದಕ್ಕೂ ಮೊದಲು ಕ್ಯಾಮೆರಾ ಇಲ್ಲದೆ, ಕುರ್ಚಿ ಇಲ್ಲದೆ, ಕಾರ್ಯಕ್ರಮದವರೇ ಸಾವಿರಾರು ಜನರ ಹಾಡು ಕೇಳಿ ಸೋಸುತ್ತಾರೆ. ಆ ಸುತ್ತಿನಲ್ಲಿ ಬೆನ್ನು ಹಾಕಿ ಕೂರುವವರು ಯಾರೂ ಇಲ್ಲ, ಎದುರಾ ಎದುರೇ. ಉಳಿದವರು ಮಾತ್ರ ಆ ವೇದಿಕೆಗೆ ಬರುವುದು. ಅಂದಮೇಲೆ ನೇರ ಬ್ಲೈಂಡ್ ಆಡಿಷನ್ ಅಂದರೆ ಏನು? ಕಬ್ಬು ನಾಟಿ ಮಾಡದೆ ನೇರವಾಗಿ ಬಿಲ್ಲು ತೆಗೆದುಕೊಂಡ ಹಾಗೆ.

ನೀನು ಹಾವೇರಿ ಕಡೆಯ ಹನುಮಂತನ ಹೆಸರು ಬರೆದಿದ್ದೀಯ. ಕುರಿ ಕಾಯುತ್ತಿದ್ದ ಹುಡುಗ ಟಿವಿಗೆ ಬಂದು ಮನೆಮಾತಾದ, ನಮ್ಮ ದಾನಿ ಯಾಕಾಗಬಾರದು ಅಂತ. ಆಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅವನು ಬಂದದ್ದು ಜೀ ಕನ್ನಡದ ಸರಿಗಮಪಕ್ಕೆ. ಅದು ಬೇರೆ ಕಾರ್ಯಕ್ರಮ. ಅಲ್ಲಿ ಜಡ್ಜ್‌ಗಳು ಮುಖ ಕೊಟ್ಟೇ ಕೂರುತ್ತಾರೆ. ಕುರ್ಚಿ ತಿರುಗುವುದು ನಮ್ಮ ದೇಶದಲ್ಲಿ ಬಂದದ್ದು 2015ರಲ್ಲಿ, ಹಿಂದಿಯಲ್ಲಿ. ಅದನ್ನು ಗೆದ್ದ ಪವನ್‌ದೀಪ್ ರಾಜನ್ ಉತ್ತರಾಖಂಡದ ಹುಡುಗ. ಅಷ್ಟು ಗೆದ್ದ ಮೇಲೂ ಅವನು ಮತ್ತೆ ಇಂಡಿಯನ್ ಐಡಲ್‌ಗೆ ಹೋಗಿ, 2021ರಲ್ಲಿ ಅದನ್ನೂ ಗೆದ್ದ ಮೇಲೆ ದೇಶಕ್ಕೆಲ್ಲ ಗುರುತಾದದ್ದು. ಈ ಏಜೆಂಟ್ ಯಾವ ಭಾಷೆ, ಯಾವ ಚಾನೆಲ್ ಅಂತ ಬಾಯಿ ಬಿಟ್ಟು ಹೇಳಿದ್ದಾನಾ? ನಿನ್ನ ಪತ್ರವನ್ನು ಮೂರು ಸಲ ಓದಿದೆ. ಚಾನೆಲ್ ಹೆಸರೇ ಇಲ್ಲ. ‘ದೊಡ್ಡ ಚಾನೆಲ್’ ಅಂತ ಮಾತ್ರ ಇದೆ.

ನಿನಗೆ ಅಪ್ಪನ 60 ಸಾವಿರ ಮರೆತುಹೋಯಿತಾ? ನನ್ನ ಕೆಲಸಕ್ಕೆ, ವೀಸಾಕ್ಕೆ ಅಂತ ಅದೇ ಬೆಳಗಾವಿಯಲ್ಲಿ ಒಬ್ಬನಿಗೆ ಕೊಟ್ಟದ್ದು. ಎರಡನೇ ಮಾಳಿಗೆಯಲ್ಲಿ ಆಫೀಸು. ನಾನೂ ಅಪ್ಪನ ಜೊತೆ ಹೋಗಿದ್ದೆ. ಟೇಬಲ್ ಇತ್ತು, ಕಂಪ್ಯೂಟರ್ ಇತ್ತು, ಗೋಡೆ ಮೇಲೆ ಗಣಪತಿ ಫೋಟೋ ಇತ್ತು. ಕಿತ್ತೂರು ದಾಟುವ ತನಕ ಅಪ್ಪ ಅವನ ಇಂಗ್ಲಿಷನ್ನೇ ಹೊಗಳಿದ. ಧಾರವಾಡದಲ್ಲಿ ಕೆಲಸ ಮುಗಿಸಿಕೊಂಡು ಬಂದೆವು. ತಿಂಗಳು ಬಿಟ್ಟು ಹೋದರೆ ಗಣಪತಿ ಮಾತ್ರ ಉಳಿದಿದ್ದ. ಅವ್ವನ ಪಾಟ್ಲಿ ಹೋದದ್ದು ಆಗಲೇ. ಅಪ್ಪ ಸಾಯುವ ತನಕ ಆ ಮಾತು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಈಗ ನಾನು ಎತ್ತುತ್ತಿದ್ದೇನೆ. ತಪ್ಪು ತಿಳಿಯಬೇಡ.

ದುಡ್ಡಾದರೂ ಹೋಗಲಿ. ಹದಿನೈದು ದಿನ ಮುಂಬೈ, ಜೊತೆಗೆ ಯಾರೂ ಬರಬಾರದು ಅನ್ನುವ ಮಾತು ಓದಿದಾಗಿನಿಂದ ನನಗೆ ನಿದ್ದೆ ಇಲ್ಲ. ದಾನಿಗೆ ಹದಿನೇಳು ಅಣ್ಣ. ಇಲ್ಲಿಯದ್ದೇ ಕೇಳು. ಇದು ಎಷ್ಟು ಶಿಸ್ತಿನ ದೇಶ ಅಂತ ನಾನು ಯಾವಾಗಲೂ ಹೊಗಳುತ್ತೇನಲ್ಲ, ಇಲ್ಲೂ 2022ರ ಜನವರಿಯಲ್ಲಿ ಆ ಕಾರ್ಯಕ್ರಮ ನಿಲ್ಲಿಸಬೇಕಾಯಿತು. ಅದರಲ್ಲಿ ಕೆಲಸ ಮಾಡುತ್ತಿದ್ದ ಗಂಡಸರು ಕೆಟ್ಟದಾಗಿ ನಡೆದುಕೊಂಡರು ಅಂತ ಹೆಣ್ಣುಮಕ್ಕಳು ಮುಂದೆ ಬಂದು ಹೇಳಿದರು. ದೇಶವೆಲ್ಲ ಗದ್ದಲ. ಅಜ್ಜಿ ಈ ಮಾತು ಹೇಳುವಾಗ ಕಾಫಿ ಲೋಟ ಕೆಳಗಿಟ್ಟಳು. ತನ್ನ ಮೊಮ್ಮಗಳೂ ಹಾಡುತ್ತಿದ್ದಳಂತೆ, ಅರ್ಜಿ ಹಾಕಬೇಕು ಅಂತಿದ್ದಳಂತೆ. ಅಲ್ಲಿಗೇ ನಿಲ್ಲಿಸಿದಳು. ನಾನೂ ಮುಂದೆ ಕೇಳಲಿಲ್ಲ. ಇಷ್ಟು ಕ್ಯಾಮೆರಾ, ಇಷ್ಟು ಕಾನೂನು ಇದ್ದ ಕಡೆಯೇ ಹೀಗಾದರೆ, ಹೆಸರೇ ಇಲ್ಲದ ಟ್ರೇನಿಂಗಿಗೆ, ಗುರುತೇ ಇಲ್ಲದ ಕೋಣೆಗೆ ನಮ್ಮ ಹುಡುಗಿಯನ್ನು ಒಬ್ಬಳನ್ನೇ ಕಳಿಸುತ್ತೀಯಾ? ಇದನ್ನು ವೈನಿಗೂ ಓದಿ ಹೇಳು. ಅವ್ವನಿಗೆ ಬೇಡ.

ಅವ್ವನದು ಬೇರೆಯೇ ಚಿಂತೆ. ಮೊನ್ನೆ ಫೋನಿನಲ್ಲಿ ಗುಟ್ಟಾಗಿ ಕೇಳಿದಳು: “ಬ್ಲೈಂಡ್ ಅಂದ್ರ ಕಣ್ಣಿಲ್ಲದವರಿಗಲ್ಲೇನ? ನಮ್ಮ ದಾನಿಗೆ ಕಣ್ಣು ಚಲೋ ಅದಾವಲ್ಲ? ಗದಗಿನ ಆಶ್ರಮದ ಮಕ್ಕಳ ಜಾಗಾ ನಾವ್ಯಾಕ ತಗೋಬೇಕು?” ನಕ್ಕೂ ನಕ್ಕೂ ಸಾಕಾಯಿತು. ಆಮೇಲೆ ಸುಮ್ಮನೆ ಕೂತಾಗ ಒಂದು ಹೊಳೆಯಿತು. ಗದಗಿನ ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದ ದಿನ ಯಾವುದು ಹೇಳು? 2010, ಸೆಪ್ಟೆಂಬರ್ 17. ಅದೇ ಶುಕ್ರವಾರ! ಅಪ್ಪ ಊರವರನ್ನೆಲ್ಲ ಟ್ರ್ಯಾಕ್ಸಿನಲ್ಲಿ ತುಂಬಿಕೊಂಡು ದರ್ಶನಕ್ಕೆ ಹೋಗಿದ್ದ, ನೀನು ಮೇಲೆ ಕ್ಯಾರಿಯರ್‌ನಲ್ಲಿ ಕೂತಿದ್ದೆ. ಅತ್ತ ನಾವು ಅಳುತ್ತಿದ್ದ ದಿನವೇ ಇತ್ತ ಇವರು ಮೊದಲ ಸಲ ಕುರ್ಚಿ ತಿರುಗಿಸಿದ್ದಾರೆ. ಇವರಿಗೆ ಕೋಚ್‌ಗಳ ಮುಖ ಆಚೆ ತಿರುಗಿಸಿ ಕೂರಿಸಬೇಕಾಯಿತು. ಗವಾಯಿಗಳಿಗೆ ಕೂಸಿದ್ದಾಗಲೇ ಕಣ್ಣು ಹೋಗಿತ್ತು. ಎಷ್ಟು ಮಕ್ಕಳ ಧ್ವನಿ ಕೇಳಿಯೇ ಅವರನ್ನು ಬೆಳೆಸಿದರು. ಅಜ್ಜಿಗೆ ಇದನ್ನು ಹೇಳಿದೆ. ನಂಬಲಿಲ್ಲ. ಫೋನಿನಲ್ಲಿ ಅವರ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದಳು.

ನಮ್ಮ ಮುತ್ತ್ಯಾ ಏನು ಕಡಿಮೆ? ಪಾರಿಜಾತದ ಮೇಳದಲ್ಲಿ ಪೇಟಿ ಬಾರಿಸಿ ಬಾರಿಸಿ ವಯಸ್ಸಾದ ಮೇಲೆ, ಭಜನೆ ನಡೆದಾಗ ಹೊರಸಿನ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಯಾರಾದರೂ ಸ್ವರ ತಪ್ಪಿದರೆ ಕೆಮ್ಮುತ್ತಿದ್ದ. ಚಲೋ ಹಾಡಿದರೆ ನಿಧಾನಕ್ಕೆ ಈಚೆ ಹೊರಳುತ್ತಿದ್ದ. ದಾನಿ ನಾಲ್ಕು ವರ್ಷದವಳಿದ್ದಾಗ ಶರೀಫರ ಪದ ಹಾಡಿದ್ದಕ್ಕೆ ಪೂರ್ತಿ ಎದ್ದೇ ಕೂತಿದ್ದ. ನೆನಪಿದೆಯಾ?

ಅವಳು ಹಾಡಬಾರದು ಅಂತ ನಾನು ಹೇಳುತ್ತಿಲ್ಲ. ಅತ್ತಿ ಅಡ್ಡಗಾಲು ಹಾಕಿದಳು ಅಂತ ಅವಳು ಅಂದುಕೊಳ್ಳಬಾರದು. ಟಿವಿಯಲ್ಲಿ ಆಡಿಷನ್ ಜಾಹೀರಾತು ಬರುತ್ತದೆ. ಊರು, ತಾರೀಖು ಎಲ್ಲ ಅದರಲ್ಲೇ ಇರುತ್ತದೆ. ನೀನೂ ವೈನಿಯೂ ಇಬ್ಬರೂ ಕರೆದುಕೊಂಡು ಹೋಗಿ. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗಿ, ಸಾಲು ಉದ್ದ ಇರುತ್ತದಂತೆ. ಆಗದಿದ್ದರೆ ವಾಪಸ್ಸು ಬನ್ನಿ. ಇಂಗ್ಲೆಂಡಿನ ಇದೇ ಕುರ್ಚಿ ಆಟದಲ್ಲಿ 2012ರಲ್ಲಿ ಬೆಕಿ ಹಿಲ್ ಅನ್ನುವ ಹುಡುಗಿ ಸೆಮಿಫೈನಲ್‌ನಲ್ಲೇ ಸೋತಳು. ಈಗ ಇಲ್ಲಿ ರೇಡಿಯೋ ಹಾಕಿದರೆ ಅವಳದೇ ಹಾಡು. ಆ ವರ್ಷ ಗೆದ್ದವರು ಯಾರು ಅಂತ ಅಜ್ಜಿಗೂ ನೆನಪಿಲ್ಲ.

ದಾನಿ ಸಂಗೀತದ ಜೂನಿಯರ್ ಪರೀಕ್ಷೆ ಪಾಸಾಗಿದ್ದಾಳೆ, ಸೀನಿಯರ್‌ಗೆ ಕೂರಿಸು. ಮುತ್ತ್ಯಾನ ಪೇಟಿ ಅಟ್ಟದ ಮೇಲಿದೆ, ಗಾಳಿ ಸೋರುತ್ತದೆ ಅಂತ ಬರೆದಿದ್ದಳು. ರಿಪೇರಿಗೆ, ಮಾಸ್ತರರ ಫೀಸಿಗೆ ಅಂತ ನಾನು 20 ಸಾವಿರ ಹಾಕುತ್ತೇನೆ. ಇವರನ್ನು ಕೇಳಿಯೇ ಹಾಕುತ್ತಿದ್ದೇನೆ, ನೀನು ಸಂಕೋಚ ಮಾಡಬೇಡ. ಏಜೆಂಟನಿಗೆ ಮಾತ್ರ ಒಂದು ಪೈಸೆ ಬೇಡ. ಕಾಕಾನ ಮರ್ಯಾದೆ ಹೋಗುತ್ತದೆ ಅಂದರೆ ನನ್ನ ಹೆಸರು ಹೇಳು. ಶಾಂತಾ ಫಾರಿನ್‌ಗೆ ಹೋಗಿ ಬಾಯಿ ಜಾಸ್ತಿ ಮಾಡಿದ್ದಾಳೆ ಅನ್ನು. ಅಲ್ಲಿದ್ದಾಗ ಏನು ಕಡಿಮೆ ಇತ್ತು?

ಇಲ್ಲಿಂದ ಅವ್ವನಿಗೆ ಓದು.

ಅವ್ವಾ, ನಾನು ಚೆನ್ನಾಗಿದ್ದೇನೆ. ಸಂಗು ಚೆನ್ನಾಗಿದ್ದಾನೆ. ಇವರೂ ಚೆನ್ನಾಗಿದ್ದಾರೆ. ಫೋಟೋದಲ್ಲಿ ನನ್ನ ಮೊಣಕೈಗೆ ಕಂಡದ್ದು ಬ್ಯಾಂಡೇಜ್ ಅಲ್ಲ, ಸುಮ್ನೆ ಸಣ್ಣ ಪಟ್ಟಿ. ಸೈಕಲ್ ಮೇಲಿಂದ ಬಿದ್ದೆ ಅಂತ ದಾನಿ ಹೇಳಿದ್ದು ಸುಳ್ಳು, ಜಾರಿದೆ ಅಷ್ಟೇ. ಇಲ್ಲಿ ಡಾಕ್ಟರು, ಮಾಸ್ತರರು ಎಲ್ಲರೂ ಸೈಕಲ್ ಮೇಲೇ ಓಡಾಡುತ್ತಾರೆ, ಮಳೆಯಲ್ಲೂ. ನೋವು ಒಂದಿಷ್ಟೂ ಇಲ್ಲ. ಊಟ ಸರಿಯಾಗಿ ಮಾಡುತ್ತೇನೆ. ಇಲ್ಲಿಯವರು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಚಾಕೊಲೇಟ್ ಚೂರು ಉದುರಿಸಿಕೊಂಡು ತಿನ್ನುತ್ತಾರೆ, ಮುದುಕರು ಕೂಡ! ನಾನು ನೀನು ಕೊಟ್ಟ ಶೇಂಗಾ ಚಟ್ನಿ ಉದುರಿಸಿ ಅಜ್ಜಿಗೆ ಕೊಟ್ಟೆ. ಎರಡು ಲೋಟ ನೀರು ಕುಡಿದು ಇನ್ನೊಂದು ಬ್ರೆಡ್ ಕೇಳಿದಳು. ಚಟ್ನಿ ಇನ್ನೂ ಬಹಳ ಉಳಿದಿದೆ. ಕಳಿಸಬೇಡ. ಬಿಪಿ ಗುಳಿಗೆ ತಪ್ಪಿಸಬೇಡ. ನನ್ನ ಚಿಂತೆ ಮಾಡಲೇಬೇಡ, ನಿಜವಾಗಿ ಚೆನ್ನಾಗಿದ್ದೇನೆ.

ಅಣ್ಣ, ಮಳೆ ಶುರುವಾಯಿತು. ಬಟ್ಟೆ ಹೊರಗಿವೆ, ಸಂಗು ಬೇರೆ ಎದ್ದ. ದೊಡ್ಡವ್ವನಿಗೆ, ಕಾಕಾನಿಗೆ, ಕೇಳಿದವರಿಗೆಲ್ಲ ನಮಸ್ಕಾರ. ಹತ್ತನೇ ತಾರೀಖಿಗೆ ಮೊದಲು ಫೋನ್ ಮಾಡು, ಸ್ಪೀಕರ್ ಹಾಕದೆ.

ನಿನ್ನ ತಂಗಿ
ಶಾಂತಾ

ವಿ.ಸೂ.: ವೈನಿಯ ಬೋರಮಾಳ ಇನ್ನೂ ಮನೆಯಲ್ಲೇ ಇದೆ ತಾನೆ? ಇವತ್ತು ಅದೊಂದನ್ನು ಮಾತ್ರ ಮೆಸೇಜ್ ಮಾಡು.