ಹುಬ್ಬಿನ ಸುತ್ತ ಇನ್ನು ಲೇಸರ್ ಮಾಡುವುದಿಲ್ಲ

ಆತ್ಮೀಯ ಗ್ರಾಹಕರೇ,

ಇಂದಿನಿಂದ ನಮ್ಮ ಕ್ಲಿನಿಕ್ಕಿನಲ್ಲಿ ಹುಬ್ಬು ಮತ್ತು ರೆಪ್ಪೆಯ ಕೂದಲನ್ನು ಲೇಸರ್‌ನಿಂದ ತೆಗೆಯುವುದಿಲ್ಲ. ಮುಂಗಡ ಕಟ್ಟಿದವರಿಗೆ ಉಳಿದ ಸಿಟ್ಟಿಂಗ್‌ಗಳ ಹಣ ಪೂರ್ತಿ ವಾಪಸ್ ಕೊಡುತ್ತೇವೆ.

ಕಾರಣವನ್ನು ಮುಚ್ಚಿಡುವುದಿಲ್ಲ. ಹುಬ್ಬಿನ ಅಂಚಿಗೆ ಲೇಸರ್ ಮಾಡಿಸಿಕೊಳ್ಳುತ್ತಿದ್ದ ಒಬ್ಬರಿಗೆ ಕಣ್ಣಿನ ಕವಚ ಅಡ್ಡ ಬರುತ್ತದೆಂದು ನಾವೇ ಅದನ್ನು ಚೂರು ಕೆಳಗೆ ಸರಿಸಿದೆವು. ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಸಂಜೆಗೆ ಕಣ್ಣು ಕೆಂಪಾಗಿ ಬೆಳಕು ನೋಡಲಾಗಲಿಲ್ಲ. ಬೆಳಿಗ್ಗೆ ಕನ್ನಡಿ ನೋಡಿದರೆ ಪಾಪೆ ದುಂಡಗಿರಲಿಲ್ಲ, ಮೇಲ್ಗಡೆ ಯಾರೋ ಎಳೆದ ಹಾಗೆ ಚೂಪಾಗಿತ್ತು. ತಪ್ಪು ನಮ್ಮದು. ಅವರ ಚಿಕಿತ್ಸೆಯ ಖರ್ಚೂ ನಮ್ಮದೇ.

ಕಣ್ಣು ಮುಚ್ಚಿದರೆ ಸಾಕು ಎಂದು ನಾವೂ ನಂಬಿದ್ದೆವು. ಆದರೆ ರೆಪ್ಪೆಯ ಚರ್ಮ 1 ಮಿಲಿಮೀಟರ್‌ಗಿಂತ ತೆಳು. ಕೂದಲಿಗೆ ಬಳಸುವ 755, 810, 1064 ನ್ಯಾನೋಮೀಟರ್ ತರಂಗಾಂತರದ ಲೇಸರ್‌ಗಳು ಅದನ್ನು ದಾಟಿ ಹೋಗುತ್ತವೆ. ಅವು ಕೂದಲ ಬೇರಿನಲ್ಲಿರುವ, ಮೆಲನಿನ್ ಎಂಬ ಬಣ್ಣದ ಅಂಶವನ್ನು ಕಾಯಿಸುತ್ತವೆ; ಪಾಪೆಯ ಸುತ್ತಲಿನ ಬಣ್ಣದ ಪೊರೆಯಲ್ಲೂ, ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲೂ ಇರುವುದು ಅದೇ ಮೆಲನಿನ್. ಮೇಲಾಗಿ, ಕಣ್ಣು ಬಿಗಿಯಾಗಿ ಮುಚ್ಚಿದಾಗ ಹೆಚ್ಚಿನವರ ಗುಡ್ಡೆ ಮೇಲಕ್ಕೆ, ಅಂದರೆ ನಮ್ಮ ಯಂತ್ರವಿರುವ ಕಡೆಗೇ, ಹೊರಳುತ್ತದೆ.

ಕಣ್ಣಿನ ವೈದ್ಯರು ಆ ಗ್ರಾಹಕರ ಕಣ್ಣಿನ ಒತ್ತಡ ಅಳೆದು, ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡಿ, ಅದರ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನ್ ಮಾಡಿದರು. ಉರಿಯೂತಕ್ಕೆ ಸ್ಟೀರಾಯ್ಡ್ ಹನಿ, ಬಣ್ಣದ ಪೊರೆ ಹಿಂದಿನ ಮಸೂರಕ್ಕೆ ಅಂಟದಿರಲಿ ಎಂದು ಪಾಪೆ ಹಿಗ್ಗಿಸುವ ಹನಿ ಕೊಟ್ಟರು. ಸ್ಟೀರಾಯ್ಡ್‌ನಿಂದಲೇ ಒತ್ತಡ ಏರಬಹುದಾದ್ದರಿಂದ ಮತ್ತೆ ಮತ್ತೆ ಪರೀಕ್ಷೆ ನಡೆಯಿತು. ನೋವು, ಕೆಂಪು ಇಳಿದಿವೆ. ಪಾಪೆಯ ಆಕಾರ ಮಾತ್ರ ಸರಿಯಾಗಿಲ್ಲ, ಬಿಸಿಲಿನಲ್ಲಿ ಅವರಿಗೆ ಇಂದಿಗೂ ಕಷ್ಟ.

ಮುಖದ ಉಳಿದ ಭಾಗಗಳಿಗೆ ಲೇಸರ್ ಮುಂದುವರಿಯುತ್ತದೆ. ಎರಡೂ ಕಣ್ಣಿಗೆ ಬಿಗಿಯಾಗಿ ಕೂರುವ ಲೋಹದ ಕವಚ ಕಡ್ಡಾಯ. ಅದು ಅಲುಗಿದರೆ ಯಂತ್ರ ಆರಿಸುತ್ತೇವೆ. ಸಿಬ್ಬಂದಿಯ ಕನ್ನಡಕವೂ ಆಯಾ ಲೇಸರ್‌ನ ತರಂಗಾಂತರಕ್ಕೆ ಹೊಂದುವಂಥದ್ದೇ ಆಗಿರುತ್ತದೆ, ಎಲ್ಲದಕ್ಕೂ ಒಂದೇ ಅಲ್ಲ.

ಹಿಂದೆ ನಮ್ಮಲ್ಲಿ ಹುಬ್ಬಿಗೆ ಲೇಸರ್ ಮಾಡಿಸಿಕೊಂಡವರಲ್ಲಿ ಯಾರಿಗಾದರೂ ಕಣ್ಣು ನೋವು, ಬೆಳಕಿಗೆ ಚುಚ್ಚುವಿಕೆ, ಮಂಜು, ನೋಟದ ನಡುವೆ ಕಪ್ಪು ಚುಕ್ಕೆ ಇದ್ದರೆ ಇವತ್ತೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಮನೆಯಲ್ಲಿ ಉಳಿದ ಹನಿ ಹಾಕಿಕೊಳ್ಳಬೇಡಿ. ಯಾವ ಲೇಸರ್, ಎಷ್ಟು ತರಂಗಾಂತರ, ಎಷ್ಟು ಶಕ್ತಿ ಎಂದು ಬರೆದ ಚೀಟಿಯನ್ನು ನಮ್ಮಿಂದ ಪಡೆದು ಜೊತೆಗೆ ಒಯ್ಯಿರಿ. ಬರಲಾಗದಿದ್ದರೆ ಫೋನ್ ಮಾಡಿ, ಆಗಲೇ ಕಳಿಸುತ್ತೇವೆ.

ಇಂತಿ,
ಕ್ಲಿನಿಕ್ಕಿನ ಎಲ್ಲರ ಪರವಾಗಿ