ಮಂಜುಗಡ್ಡೆಯ ವಿಸ್ತೀರ್ಣವಷ್ಟೇ ಸಾಲದು, ದಪ್ಪವೂ ಬೇಕು

ಮಾನ್ಯ ಸಂಪಾದಕರೇ,

ಆರ್ಕ್ಟಿಕ್ ಸಾಗರದಲ್ಲಿ ಸೆಪ್ಟೆಂಬರ್ ಹೊತ್ತಿಗೆ ಎಷ್ಟು ಮಂಜುಗಡ್ಡೆ ಉಳಿದೀತು ಎಂಬ ಮುನ್ಸೂಚನೆಗಳು ಪತ್ರಿಕೆಗಳಲ್ಲಿ ಬರುತ್ತಿರುತ್ತವೆ. ಜತೆಗೆ ಅಚ್ಚಾಗುವುದು ವಿಸ್ತೀರ್ಣದ ನಕ್ಷೆ ಮಾತ್ರ. ಮುನ್ಸೂಚನೆ ಸರಿಹೋಗಬೇಕಾದರೆ ದಪ್ಪ ಗೊತ್ತಿರಬೇಕು.

ವಿಸ್ತೀರ್ಣದ ಲೆಕ್ಕ 1978ರ ಕೊನೆಯಿಂದಲೂ ಉಪಗ್ರಹಗಳಿಂದ ಸಿಗುತ್ತಿದೆ. ಗಡ್ಡೆ ಮತ್ತು ನೀರು ಹೊಮ್ಮಿಸುವ ಮೈಕ್ರೋವೇವ್ ಅಲೆ ಬೇರೆ ಬೇರೆ; ಉಪಗ್ರಹ ಗುರುತಿಸುವುದು ಈ ವ್ಯತ್ಯಾಸವನ್ನು. ಮೋಡವಾಗಲಿ ಚಳಿಗಾಲದ ಕತ್ತಲೆಯಾಗಲಿ ಅದಕ್ಕೆ ಅಡ್ಡಿಯಲ್ಲ. ಆದರೆ ಏಪ್ರಿಲ್‌ನಲ್ಲಿ ಒಂದು ಮೀಟರ್ ಗಡ್ಡೆಯೂ ಮೂರು ಮೀಟರ್ ಗಡ್ಡೆಯೂ ಆ ನಕ್ಷೆಯಲ್ಲಿ ಒಂದೇ ಬಿಳುಪು. ಬೇಸಿಗೆಯಲ್ಲಿ ಕರಗಿಹೋಗುವುದು ಮೊದಲನೆಯದು.

ಬೈತಖೋಲ ಬಂದರಿನಲ್ಲಿ ಬೋಟಿನ ಅಂಚು ನೀರಿನಿಂದ ಎಷ್ಟು ಮೇಲಿದೆ ಎಂದು ನೋಡಿ ಮೀನಿನ ಭಾರ ಅಂದಾಜಿಸುವ ಹಾಗೆ, 2010ರಲ್ಲಿ ಹಾರಿದ ಕ್ರಯೋಸ್ಯಾಟ್-2 ಉಪಗ್ರಹ ರಾಡಾರಿನಿಂದ, 2018ರ ಐಸ್‌ಸ್ಯಾಟ್-2 ಉಪಗ್ರಹ ಲೇಸರಿನಿಂದ ಗಡ್ಡೆ ನೀರಿನ ಮೇಲೆ ಎಷ್ಟು ಎದ್ದಿದೆ ಎಂದು ಅಳೆಯುತ್ತವೆ. ಬಿರುಕುಗಳಲ್ಲಿ ಕಾಣುವ ನೀರೇ ಆಧಾರಮಟ್ಟ. ಗಡ್ಡೆಯ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ ಮೇಲಿರುವುದರಿಂದ, ರಾಡಾರ್ ಅಳತೆ 3 ಸೆಂ.ಮೀ. ತಪ್ಪಿದರೆ ದಪ್ಪದ ಲೆಕ್ಕ ಹೆಚ್ಚುಕಡಿಮೆ 30 ಸೆಂ.ಮೀ. ತಪ್ಪುತ್ತದೆ. ಮೇಲೆ ಬಿದ್ದ ಹಿಮ ಇನ್ನೊಂದು ತೊಡಕು. ಅದರ ಭಾರಕ್ಕೆ ಗಡ್ಡೆ ತಗ್ಗುತ್ತದೆ. ಹಿಮ ಒದ್ದೆಯಾಗಿದ್ದರೆ ಅಥವಾ ಉಪ್ಪು ಹೀರಿದ್ದರೆ ರಾಡಾರ್ ಅಲೆ ಗಡ್ಡೆಯವರೆಗೆ ಇಳಿಯದೆ ನಡುವೆಯೇ ಮರಳಿ, ಗಡ್ಡೆ ಇರುವುದಕ್ಕಿಂತ ದಪ್ಪವೆಂದು ತೋರಿಸುತ್ತದೆ. ಲೇಸರ್ ಮರಳುವುದು ಹಿಮದ ಮೇಲ್ಮೈಯಿಂದಲೇ. ಅದಕ್ಕಾಗಿಯೇ 2020ರಲ್ಲಿ ಕ್ರಯೋಸ್ಯಾಟ್-2ರ ಕಕ್ಷೆಯನ್ನು ತುಸು ಎತ್ತರಿಸಿ, ಎರಡೂ ಆಗಾಗ ಒಂದೇ ಜಾಡಿನ ಮೇಲೆ ಸಾಗುವಂತೆ ಮಾಡಿದರು. ಎರಡರ ವ್ಯತ್ಯಾಸದಿಂದ ಹಿಮದ ಆಳ ಅಂದಾಜಿಸಬಹುದು.

ದೊಡ್ಡ ಕಷ್ಟ ಮೇ ತಿಂಗಳಿಂದ. ಗಡ್ಡೆಯ ಮೇಲೆ ನಿಂತ ಕರಗುನೀರಿನ ಹೊಂಡಗಳು ರಾಡಾರಿಗೆ ಬಿರುಕುಗಳಂತೆಯೇ ಕಾಣುತ್ತವೆ, ಆಧಾರಮಟ್ಟವೇ ಕೆಡುತ್ತದೆ. ಮುನ್ಸೂಚನೆಗೆ ಅತ್ಯಗತ್ಯವಾದ ತಿಂಗಳುಗಳಲ್ಲೇ ದಪ್ಪದ ಮಾಹಿತಿ ಇರುತ್ತಿರಲಿಲ್ಲ. ಹೊಂಡ, ಬಿರುಕು ಎರಡರ ಪ್ರತಿಫಲನವನ್ನು ಬೇರ್ಪಡಿಸಲು ಕಂಪ್ಯೂಟರಿಗೆ ಕಲಿಸಿ, 2022ರಲ್ಲಿ ವಿಜ್ಞಾನಿಗಳು ಬೇಸಿಗೆಯ ದಪ್ಪವನ್ನೂ ಪ್ರಕಟಿಸಿದ್ದು ದೊಡ್ಡ ಹೆಜ್ಜೆ. ಆದರೂ ಅಳತೆಯನ್ನು ಹಾಗೇ ಮುನ್ಸೂಚನೆ ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗೆ ತುಂಬುವಂತಿಲ್ಲ. ಅಳತೆಯ ತಪ್ಪೆಷ್ಟು, ಮಾದರಿಯ ತಪ್ಪೆಷ್ಟು ಎಂದು ತೂಗಿಯೇ ಬೆರೆಸಬೇಕು.

ನಮ್ಮ ದೇಶದ ಮೈತ್ರಿ, ಭಾರತಿ ಸಂಶೋಧನಾ ಕೇಂದ್ರಗಳಿಗೆ ಸರಕು ಒಯ್ಯುವ ಹಡಗು ದಾರಿ ಮಾಡಿಕೊಳ್ಳುವುದೂ ಅಂಟಾರ್ಕ್ಟಿಕದ ಇಂಥ ಗಡ್ಡೆಯ ನಡುವೆಯೇ. ಅವನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ನಮ್ಮ ಜಿಲ್ಲೆಯ ಗಡಿಯಾಚೆ, ಗೋವಾದ ವಾಸ್ಕೊದಲ್ಲಿದೆ. ಮುಂದಿನ ಸಲ ಈ ಸುದ್ದಿ ಬರೆಯುವಾಗ ದಯವಿಟ್ಟು ಅಲ್ಲಿನ ತಜ್ಞರನ್ನು ಕೇಳಿ. ಏಪ್ರಿಲ್‌ನ ದಪ್ಪದ ನಕ್ಷೆಯನ್ನೂ, ಅದರಲ್ಲಿ ಎಷ್ಟು ತಪ್ಪಿರಬಹುದೆಂಬ ಅಂದಾಜನ್ನೂ ವಿಸ್ತೀರ್ಣದ ಪಕ್ಕದಲ್ಲೇ ಅಚ್ಚು ಹಾಕಿ.

– ಕಡಲ ವಿಜ್ಞಾನ ಕಲಿಸುವ ಅಧ್ಯಾಪಕರು, ಕಾರವಾರ