ಎಷ್ಟು ಟೋನ್ ಎಂದು ಬರೆದರೆ ಸಾಲದು

ಸಂಪಾದಕರೇ,

ಪತ್ರಿಕೆಗಳ ತಂತ್ರಜ್ಞಾನ ಪುಟದಲ್ಲಿ ಸಂಗೀತದ ಹೊಸ ಕೀಬೋರ್ಡ್‌ನ ಪರಿಚಯ ಬಂದಾಗಲೆಲ್ಲ ಎರಡು ಅಂಕಿಗಳು ಎದ್ದು ಕಾಣುತ್ತವೆ: ಒಳಗೆ ಎಷ್ಟು ಟೋನ್‌ಗಳಿವೆ (ಪಿಯಾನೊ, ಸ್ಟ್ರಿಂಗ್ಸ್‌ನಂಥ ಸಿದ್ಧ ಧ್ವನಿಗಳು), ಪಾಲಿಫೋನಿ (ಒಟ್ಟಿಗೆ ಹೊರಡಿಸಬಲ್ಲ ಧ್ವನಿಗಳ ಸಂಖ್ಯೆ) ಎಷ್ಟು. ವರ್ಕ್‌ಸ್ಟೇಷನ್ ಸಿಂಥಸೈಜರ್ ಕೊಳ್ಳಲು ಹೊರಟವರಿಗೆ ಇವೆರಡರಿಂದ ಆಗುವ ಉಪಯೋಗ ಬಹಳ ಕಡಿಮೆ. ಸಾವಿರಾರು ಟೋನ್‌ಗಳಿದ್ದರೂ ದಿನನಿತ್ಯ ಬಳಕೆಗೆ ಬರುವುದು ಮೂವತ್ತೋ ನಲವತ್ತೋ. ಕೊಂಡ ಮೇಲೆ ಪೇಚಾಡುವಂತೆ ಮಾಡುವ ಸಂಗತಿಗಳೇ ಬೇರೆ. ಪರಿಚಯ ಲೇಖನಗಳಲ್ಲಿ ಅವು ಬರಲಿ ಎಂಬ ಕೋರಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ. ಎಡಗೈಯಲ್ಲಿ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದ ಕೂಡಲೇ ಡ್ರಮ್, ಬೇಸ್, ಗಿಟಾರ್ ತಾವಾಗಿಯೇ ಜೊತೆಗೂಡಿದರೆ ಅದು ಅರೇಂಜರ್. ವರ್ಕ್‌ಸ್ಟೇಷನ್‌ನಲ್ಲಿ ಸಾಮಾನ್ಯವಾಗಿ ಅಂಥ ಸಿದ್ಧ ಸ್ಟೈಲ್‌ಗಳಿರುವುದಿಲ್ಲ, ಸ್ಪೀಕರ್ ಕೂಡ ಇರುವುದಿಲ್ಲ. 1988ರಲ್ಲಿ ಬಂದ ಕೋರ್ಗ್ ಎಂ1 ಟೋನ್, ಡ್ರಮ್, ಎಫೆಕ್ಟ್, 8 ಟ್ರ್ಯಾಕ್‌ಗಳ ಸೀಕ್ವೆನ್ಸರ್ (ನುಡಿಸಿದ್ದನ್ನು ದಾಖಲಿಸಿ ಮರಳಿ ನುಡಿಸುವ ಭಾಗ) ಎಲ್ಲವನ್ನೂ ಒಂದೇ ಪೆಟ್ಟಿಗೆಯೊಳಗೆ ತಂದು ಜನಪ್ರಿಯಗೊಳಿಸಿತು. ಪ್ರತಿ ವಾದ್ಯವನ್ನೂ ನೀವೇ ನುಡಿಸಿ, ಒಂದೊಂದು ಟ್ರ್ಯಾಕಿಗೆ ತುಂಬಿ ಹಾಡು ಕಟ್ಟುವುದಕ್ಕೆ ಇರುವುದು ವರ್ಕ್‌ಸ್ಟೇಷನ್. ಅರೇಂಜರ್ ಬೇಕಿದ್ದವರು ವರ್ಕ್‌ಸ್ಟೇಷನ್ ಕೊಂಡರೆ ಮೊದಲ ದಿನವೇ ನಿರಾಶೆ.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ: ಹಾಡು ಕಟ್ಟುವುದು ಎಲ್ಲಿ, ವಾದ್ಯದೊಳಗೋ ಕಂಪ್ಯೂಟರಿನಲ್ಲೋ? ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ವಾದ್ಯದಲ್ಲೇ ಎಂದಾದರೆ ‘ಸೀಕ್ವೆನ್ಸರ್ ಇದೆ’ ಎಂಬ ಒಂದು ಸಾಲನ್ನು ನಂಬಿ ಕೊಳ್ಳಬಾರದು. 2016ರ ಯಮಾಹಾ ಮೊಂಟಾಜ್‌ನಲ್ಲಿ ಹಿಂದಿನ ಮೋಟಿಫ್ ಸರಣಿಯಲ್ಲಿದ್ದಂಥ ಪೂರ್ಣ ಸೀಕ್ವೆನ್ಸರ್ ಇರಲಿಲ್ಲ. ಪ್ಯಾಟರ್ನ್ ಸೀಕ್ವೆನ್ಸರ್ ಬಂದದ್ದು ನಂತರದ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ. ಕೆಲವು ವಾದ್ಯಗಳದ್ದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಟೇಪಿನಂತೆ ದಾಖಲಿಸುವ ಕ್ರಮ. ಇನ್ನು ಕೆಲವದರಲ್ಲಿ ನಾಲ್ಕೆಂಟು ಬಾರ್‌ಗಳ (ತಾಳದ ಸುತ್ತುಗಳ) ತುಣುಕುಗಳನ್ನು ಮಾಡಿಟ್ಟುಕೊಂಡು ಆಮೇಲೆ ಜೋಡಿಸಬೇಕು. ಒಂದಕ್ಕೆ ಒಗ್ಗಿದ ಕೈಗೆ ಇನ್ನೊಂದು ಸುಲಭವಾಗಿ ಒಗ್ಗುವುದಿಲ್ಲ.

ಇದನ್ನು ಅಂಗಡಿಯಲ್ಲೇ ಕಾಲು ಗಂಟೆಯಲ್ಲಿ ಪರೀಕ್ಷಿಸಬಹುದು. ಎಂಟು ಬಾರ್ ಡ್ರಮ್ ದಾಖಲಿಸಿ, ಅದರ ಮೇಲೆ ಬೇಸ್ ಹಾಕಿ. ಬೇಕೆಂದೇ ಒಂದು ತಪ್ಪು ಸ್ವರ ನುಡಿಸಿ, ಅದೊಂದನ್ನೇ ಹುಡುಕಿ ಅಳಿಸಿ ನೋಡಿ. ನಾಲ್ಕನೆಯ ಬಾರ್‌ನಿಂದ ಟೆಂಪೊ ಬದಲಿಸಿ. ಸೇವ್ ಮಾಡಿ, ಸ್ವಿಚ್ ಆರಿಸಿ, ಮತ್ತೆ ಹಾಕಿ ಹಾಡನ್ನು ತೆರೆಯಿರಿ. ಕೊನೆಯ ಹೆಜ್ಜೆಯನ್ನು ಮಾತ್ರ ಬಿಡಬೇಡಿ: ಹಲವು ಮಾದರಿಗಳಲ್ಲಿ ದಾಖಲಿಸಿದ್ದು ತಾತ್ಕಾಲಿಕ ಮೆಮೊರಿಯಲ್ಲಷ್ಟೇ ಇರುತ್ತದೆ, ಸೇವ್ ಮಾಡದೆ ಕರೆಂಟ್ ಹೋದರೆ ಹಾಡೂ ಹೋಯಿತು.

ಇನ್ನು ಪಾಲಿಫೋನಿ. 128 ಎಂದು ಬರೆದಿದ್ದರೆ 128 ಕೀ ಒಟ್ಟಿಗೆ ಒತ್ತಬಹುದು ಎಂದಲ್ಲ. ಒಂದು ಸ್ವರ ಅಷ್ಟು ಧ್ವನಿಗಳಲ್ಲಿ, ಅಂದರೆ ವಾಯ್ಸ್‌ಗಳಲ್ಲಿ, ಎಷ್ಟನ್ನು ತಿನ್ನುತ್ತದೆ ಎಂಬುದು ಲೆಕ್ಕ. ಎಂ1ನಲ್ಲೇ ಟೋನ್‌ಗೆ ಒಂದು ಆಸಿಲೇಟರ್ (ಧ್ವನಿ ಹುಟ್ಟಿಸುವ ಘಟಕ) ಇದ್ದರೆ 16 ಸ್ವರ, ಎರಡಿದ್ದರೆ 8. ಇಂದಿನ ವಾದ್ಯದಲ್ಲಿ ಪಿಯಾನೊಗೆ ಎರಡು, ಸ್ಟ್ರಿಂಗ್ಸ್‌ಗೆ ಎರಡು, ಹಿನ್ನೆಲೆಯಲ್ಲಿ ಎಳೆದು ನಿಲ್ಲುವ ಪ್ಯಾಡ್ ಟೋನ್‌ಗೆ ನಾಲ್ಕು ವಾಯ್ಸ್ ಎಂದಿಟ್ಟುಕೊಳ್ಳಿ. ಮೂರನ್ನೂ ಲೇಯರ್ ಮಾಡಿದರೆ (ಒಂದೇ ಕೀಗೆ ಒಟ್ಟಿಗೆ ಜೋಡಿಸಿದರೆ) ಒಂದು ಕೀಗೆ 8 ವಾಯ್ಸ್, ಅಂದರೆ 128 ವಾಯ್ಸ್‌ನಲ್ಲಿ 16 ಸ್ವರ. ಸ್ವರವನ್ನು ಎಳೆದು ಹಿಡಿಯುವ ಸಸ್ಟೇನ್ ಪೆಡಲ್ ಒತ್ತಿ ಎರಡು ಕಾರ್ಡ್ ಬದಲಿಸಿದರೆ ಅಷ್ಟೂ ಮುಗಿದು, ಹಳೆಯ ಸ್ವರಗಳು ನಡುವೆಯೇ ಕಡಿದು ಬೀಳುತ್ತವೆ. ಸ್ಟೀರಿಯೊ ಟೋನ್ ಅನ್ನು ಒಂದೆಂದು ಎಣಿಸುವ ತಯಾರಕರೂ ಇದ್ದಾರೆ, ಎರಡೆಂದು ಎಣಿಸುವವರೂ ಇದ್ದಾರೆ. ಹೀಗಿರುವಾಗ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ. ನಿಮ್ಮ ಅತಿ ಭಾರದ ಲೇಯರ್ ಕಟ್ಟಿ, ಪೆಡಲ್ ಒತ್ತಿ, ಕಿವಿಗೊಟ್ಟು ಕೇಳುವುದೇ ಸರಿ.

ವೇದಿಕೆಯಲ್ಲಿ ನುಡಿಸುವವರಿಗೆ ಟೋನ್ ಬದಲಾಗುವ ಕ್ಷಣ ಬಹಳ ಮುಖ್ಯ. ಒಂದು ಕಾರ್ಡ್ ಹಿಡಿದುಕೊಂಡೇ ಮುಂದಿನ ಟೋನ್ ಆರಿಸಿ: ಹಿಡಿದ ಸ್ವರ ನಿಂತಿತೇ, ಅದರ ರಿವರ್ಬ್ (ಅನುರಣನದ ಎಫೆಕ್ಟ್) ಫಕ್ಕನೆ ಕಡಿಯಿತೇ? ಕಡಿಯದೆ ಬದಲಾಗುವ ಸೌಲಭ್ಯ ಇದ್ದರೂ ಅದಕ್ಕೆ ಮಿತಿ ಇರುತ್ತದೆ. ಮೊಂಟಾಜ್‌ನಲ್ಲಿ ಅದು 8 ಪಾರ್ಟ್‌ಗಳವರೆಗೆ (ಒಟ್ಟಿಗೆ ಜೋಡಿಸಿದ ಧ್ವನಿಗಳವರೆಗೆ), ಅದರ ತಮ್ಮನಂತಿರುವ 2018ರ ಎಂಒಡಿಎಕ್ಸ್‌ನಲ್ಲಿ 4ರವರೆಗೆ. ಇನ್ನೊಂದು ತೊಡಕು ಎಫೆಕ್ಟ್‌ಗಳದ್ದು. ಒಂಟಿಯಾಗಿ ಕೇಳಿದಾಗ ಮೈದುಂಬಿದ್ದ ಟೋನ್ ನಾಲ್ಕರ ಜೊತೆ ಸೇರಿಸಿದಾಗ ಸಪ್ಪೆಯಾದರೆ ಟೋನ್ ಕೆಟ್ಟಿಲ್ಲ. ಒಟ್ಟಿಗೆ ಓಡಿಸಬಲ್ಲ ಎಫೆಕ್ಟ್‌ಗಳ ಸಂಖ್ಯೆ ಮುಗಿದಿರುತ್ತದೆ ಅಥವಾ ಆ ಟೋನ್‌ನ ಎಫೆಕ್ಟ್ ಜೊತೆಗೆ ಬಂದಿರುವುದಿಲ್ಲ.

ಕೀಗಳ ವಿಷಯ ಕೈಯೇ ಹೇಳುತ್ತದೆ. ಪಿಯಾನೊ ಅಭ್ಯಾಸದವರಿಗೆ ಪಿಯಾನೊದಂತೆ ಭಾರವಾದ, ಹ್ಯಾಮರ್ ಇರುವ 88 ಕೀಗಳು, ಆರ್ಗನ್ ಮತ್ತು ಸಿಂಥ್ ನುಡಿಸುವವರಿಗೆ ಹಗುರ ಕೀಗಳ 61. ಆದರೆ 61ನ್ನು ಮೂರು ಭಾಗ ಮಾಡಿದರೆ ಪ್ರತಿ ಭಾಗಕ್ಕೆ ಎರಡು ಆಕ್ಟೇವ್ (ಸ್ಥಾಯಿ) ಕೂಡ ದಕ್ಕುವುದಿಲ್ಲ. ತೂಕದ ಅಂತರವನ್ನೂ ನೋಡಬೇಕು: ರೋಲ್ಯಾಂಡ್ ಫ್ಯಾಂಟಮ್ 8 ಸುಮಾರು 28 ಕಿಲೊ, 61 ಕೀಗಳ ಕೋರ್ಗ್ ಕ್ರಾಸ್ 2 ನಾಲ್ಕು ಕಿಲೊಗಿಂತ ಕಡಿಮೆ. ಒತ್ತಿದ ಕೀಯನ್ನು ಇನ್ನಷ್ಟು ಅದುಮಿ ಸ್ವರ ನಡುಗಿಸುವ ಆಫ್ಟರ್‌ಟಚ್ ಎಂಒಡಿಎಕ್ಸ್, ಫ್ಯಾಂಟಮ್-0 ಸರಣಿಗಳ ಕೀಗಳಲ್ಲಿ ಇಲ್ಲ. ಪರಿಚಯ ಲೇಖನ ಇದನ್ನು ಹೇಳಲೇಬೇಕು, ಏಕೆಂದರೆ ಇದನ್ನು ಆಮೇಲೆ ಸೇರಿಸಿಕೊಳ್ಳಲಾಗದು.

ಕಂಪ್ಯೂಟರಿನಲ್ಲಿ ಹಾಡು ಕಟ್ಟುವವರು ಯುಎಸ್‌ಬಿಯಲ್ಲಿ ಮಿಡಿ (ಯಾವ ಕೀ ಒತ್ತಿದಿರಿ ಎಂಬ ಸಂಕೇತ) ಮಾತ್ರವೋ ಆಡಿಯೊ ಕೂಡ ಹೋಗುತ್ತದೆಯೋ ಎಂದು ಕೇಳಿ. ಜೋಡಿಸಿದ ಮೇಲೆ ಟೋನ್ ಟೊಳ್ಳಾಗಿ ಕೇಳಿಸಿ ಪಾಲಿಫೋನಿ ಬೇಗ ಮುಗಿಯುತ್ತಿದ್ದರೆ, ಒಂದೇ ಸ್ವರ ಎರಡು ಸಲ ನುಡಿಯುತ್ತಿದೆ: ಒಮ್ಮೆ ಕೀಯಿಂದ, ಒಮ್ಮೆ ಕಂಪ್ಯೂಟರಿನಿಂದ ಮರಳಿ. ಕೀಗಳು ವಾದ್ಯದ ಧ್ವನಿಯನ್ನು ನೇರವಾಗಿ ನುಡಿಸುವ ‘ಲೋಕಲ್ ಕಂಟ್ರೋಲ್’ ಸೆಟ್ಟಿಂಗ್ ಆಫ್ ಮಾಡಿದರೆ ಸರಿಹೋಗುತ್ತದೆ. ಕೆಟ್ಟಿದೆಯೆಂದು ರಿಪೇರಿಗೆ ಒಯ್ಯುವ ಮೊದಲು ಇದನ್ನು ನೋಡಿ.

ಹಳೆಯದನ್ನು ಕೊಳ್ಳುವುದು ತಪ್ಪಲ್ಲ. ಆದರೆ ಪ್ರತಿ ಕೀಯನ್ನೂ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಒತ್ತಿ ನೋಡಬೇಕು. ಸಾಮಾನ್ಯವಾಗಿ ಪ್ರತಿ ಕೀ ಕೆಳಗೂ ಎರಡು ರಬ್ಬರ್ ಕಾಂಟ್ಯಾಕ್ಟ್‌ಗಳಿದ್ದು, ಅವು ತಾಗುವ ನಡುವಿನ ಸಮಯದಿಂದ ಒತ್ತಿನ ಜೋರು ಅಳೆಯಲ್ಪಡುತ್ತದೆ. ಧೂಳು ಕೂತರೆ ಆ ಅಳತೆ ತಪ್ಪಿ, ಮೆಲ್ಲಗೆ ಒತ್ತಿದ ಕೀ ಕಿರುಚುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ಬಿಚ್ಚಿ ಸ್ವಚ್ಛಗೊಳಿಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಎಂ1ನಂಥವುಗಳಲ್ಲಿ ಟೋನ್‌ಗಳನ್ನು ಕಾಯುವುದು ಒಳಗಿನ ಸಣ್ಣ ಬ್ಯಾಟರಿ. ಅದು ಸತ್ತಿದ್ದರೆ ಟೋನ್‌ಗಳೂ ಅಳಿಸಿಹೋಗಿರುತ್ತವೆ, ಹೊಸ ಬ್ಯಾಟರಿ ಹಾಕಿ ಕಾರ್ಖಾನೆಯ ಟೋನ್‌ಗಳನ್ನು ಮಿಡಿ ಮೂಲಕ ಮತ್ತೆ ತುಂಬಬೇಕು. ಕಾಲು ತೆಗೆದಾಗ ಸ್ವರ ಎಳೆದು, ಒತ್ತಿದಾಗ ನಿಂತರೆ ಮಾತ್ರ ಹೆದರಬೇಕಿಲ್ಲ: ಅದು ಪೆಡಲ್‌ನ ಪೊಲಾರಿಟಿ ತಿರುಗುಮುರುಗಾದದ್ದು. ಪೆಡಲ್ ಮೇಲಿಂದ ಕಾಲು ತೆಗೆದು ಸ್ವಿಚ್ ಆರಿಸಿ ಹಾಕಿ, ಆಗಲೂ ಸರಿಹೋಗದಿದ್ದರೆ ಸೆಟ್ಟಿಂಗ್‌ನಲ್ಲಿ ಬದಲಿಸಿ.

ಇಷ್ಟೆಲ್ಲ ಬರೆಯಲು ಪತ್ರಿಕೆಯಲ್ಲಿ ಜಾಗವಿಲ್ಲ ಎಂದರೆ, ಟೋನ್‌ಗಳ ಸಂಖ್ಯೆಯ ಜಾಗದಲ್ಲಿ ನಾಲ್ಕನ್ನಾದರೂ ಹಾಕಿ: ಸೀಕ್ವೆನ್ಸರ್ ಯಾವ ಬಗೆಯದು, ಆಫ್ಟರ್‌ಟಚ್ ಇದೆಯೇ, ಟೋನ್ ಬದಲಿಸುವಾಗ ಸ್ವರ ಕಡಿಯುತ್ತದೆಯೇ, ಸ್ವಿಚ್ ಹಾಕಿದ ಮೇಲೆ ನುಡಿಸಲು ಎಷ್ಟು ಹೊತ್ತು ಬೇಕು. ಕೋರ್ಗ್ ಕ್ರೊನೋಸ್‌ಗೆ ಎರಡು ನಿಮಿಷಕ್ಕೂ ಹೆಚ್ಚು ಬೇಕಾಗುತ್ತದೆ. ಸಂಗೀತ ಕಚೇರಿಯ ನಡುವೆ ಕರೆಂಟ್ ಹೋಗಿ ಬಂದಾಗ ಆ ಎರಡು ನಿಮಿಷ ಎಷ್ಟು ಉದ್ದವೆಂದು ವೇದಿಕೆ ಹತ್ತಿದವರಿಗೆ ಗೊತ್ತು. ಈ ನಾಲ್ಕಕ್ಕೂ ಬೇಕಾದ ಮಾಹಿತಿಯಲ್ಲಿ ಬಹುಪಾಲು ತಯಾರಕರ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಕೈಪಿಡಿಯಲ್ಲೇ ಇರುತ್ತದೆ. ಲೇಖಕರು ಒಮ್ಮೆ ಅದನ್ನು ತೆರೆದು ನೋಡಲಿ.

ಇಂತಿ,
ಕೀಬೋರ್ಡ್ ವಾದಕರ ಪರವಾಗಿ ಒಬ್ಬ ಓದುಗ